ಪ್ಲೇಟು, ಪೆಟ್ಟಿಗೆ, ಫೋನು: ಹಳೇ ತಮಿಳು ಹಾಡಿಗೆ ಯಾವುದು ಸರಿ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಗ್ರಾಮಫೋನ್ ಪ್ಲೇಟಿಗೆ. ಅದೂ ಇಪಿ ಅನ್ನುವ ಏಳಿಂಚಿನ ಚಿಕ್ಕ ಪ್ಲೇಟಿಗೆ, ಒಂದು ಕಡೆ ಎರಡು ಹಾಡು, ಇನ್ನೊಂದು ಕಡೆ ಎರಡು. ದುಡ್ಡು ಜಾಸ್ತಿ ಹೋಗಿದ್ದು ಅದಕ್ಕೇ, ತಲೆ ಕೆಟ್ಟಿದ್ದೂ ಅದರಿಂದಲೇ. ಆದರೂ ಅದೇ.

ನಾನು ಬೆಳೆದದ್ದು ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯಲ್ಲಿ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಹಬ್ಬ ಬಂತೆಂದರೆ ಮೈಕ್‌ಸೆಟ್ಟಿನವರು ಬೆಳಗಿನ ಜಾವಕ್ಕೇ ಹಾರ್ನ್ ಸ್ಪೀಕರ್ ಕಟ್ಟಿ ಸೀರ್ಕಾಳಿ ಗೋವಿಂದರಾಜನ್ ಹಾಕುತ್ತಿದ್ದರು. ಬಿಸಿಲೇರಿದ ಮೇಲೆ ಟಿ.ಎಂ. ಸೌಂದರರಾಜನ್, ಊಟದ ಹೊತ್ತಿಗೆ ಸುಶೀಲಾ, ಸಂಜೆಗೆ ಎಲ್.ಆರ್. ಈಶ್ವರಿ. ಹಾಡು ಕೇಳಿ ಗಂಟೆ ಎಷ್ಟು ಅಂತ ಹೇಳಬಹುದಿತ್ತು. ಮನೆಯಲ್ಲಿ ಅಮ್ಮನಿಗೆ ಸಿಲೋನ್ ರೇಡಿಯೋ ಇರಲೇಬೇಕು. ಈಗ ನಾವು ಬೆಂಗಳೂರಲ್ಲಿದ್ದೇವೆ, ಅಮ್ಮನಿಗೆ ಎಪ್ಪತ್ತಾರು. ಟಿವಿ ಸೀರಿಯಲ್ ಸಾಕಾಗಿದೆ, ಆ ಹಾಡುಗಳನ್ನು ಹಾಕಿಕೊಡೋ ಅಂತ ಎರಡು ವರ್ಷದ ಹಿಂದೆ ಕೇಳಿದಳು. ಅಲ್ಲಿಂದ ಶುರುವಾಗಿದ್ದು ಇದೆಲ್ಲ.

ಮೊದಲು ಫೋನು. ಒಂದು ಸ್ಪೀಕರ್‌ಗೆ ಜೋಡಿಸಿ ಕೊಟ್ಟೆ. ಖರ್ಚು ಹೆಚ್ಚುಕಮ್ಮಿ ಸೊನ್ನೆ, ಹೆಸರು ಹೇಳಿದರೆ ಹಾಡು ಬರುತ್ತದೆ, ಇದಕ್ಕಿಂತ ಏನು ಬೇಕು ಅಲ್ವಾ? ಒಂದು ವಾರ ಚೆನ್ನಾಗಿಯೇ ಇತ್ತು. ಆಮೇಲೆ ಅಮ್ಮ ಫೋನ್ ಎತ್ತುವುದನ್ನೇ ಬಿಟ್ಟಳು. ಹಾಡಿನ ನಡುವೆ ಸಾಲದ ಜಾಹೀರಾತು ಬಂದರೆ ಯಾರೋ ಕರೆ ಮಾಡಿದ್ದಾರೆ ಅಂದುಕೊಂಡು ಕೆಂಪು ಗುಂಡಿ ಹುಡುಕುತ್ತಾಳೆ. ದುಡ್ಡು ಕಟ್ಟಿ ಜಾಹೀರಾತು ತೆಗೆಸಿದೆ. ಆದರೂ ನನಗೆ ಕಿರಿಕಿರಿಯಾದದ್ದು ಬೇರೆ. ಆ್ಯಪ್‌ಗಳಲ್ಲಿ ಮಾಹಿತಿ ಯದ್ವಾತದ್ವಾ. 1961ರ ಚಿತ್ರದ ಹಾಡಿಗೆ ಯಾವುದೋ ಸಂಗ್ರಹ ಬಂದ ವರ್ಷ ಹಾಕಿರುತ್ತಾರೆ. ವಿಶ್ವನಾಥನ್-ರಾಮಮೂರ್ತಿ ಇಬ್ಬರೂ 1965ರವರೆಗೆ ಜೋಡಿಯಾಗಿಯೇ ಸಂಗೀತ ಕೊಟ್ಟವರು, ಅಷ್ಟೂ ಹಾಡಿಗೆ ಬರೀ ಎಂ.ಎಸ್. ವಿಶ್ವನಾಥನ್ ಅಂತ ಬರೆದು ಟಿ.ಕೆ. ರಾಮಮೂರ್ತಿಯನ್ನು ಹೊರಗೆ ನಿಲ್ಲಿಸಿರುತ್ತಾರೆ. ಪ್ಲೇಟಿನ ನಡುವಿನ ಕಾಗದದ ಮೇಲೆ ಇಬ್ಬರ ಹೆಸರೂ ಇರುತ್ತದೆ.

ಆಮೇಲೆ ಪೆಟ್ಟಿಗೆ. ಹಳೇ ರೇಡಿಯೋ ಥರ ಕಾಣುತ್ತದೆ, ಒಳಗೆ ಸಾವಿರಾರು ಹಾಡು ಮೊದಲೇ ತುಂಬಿಟ್ಟಿರುತ್ತಾರಲ್ಲ, ಅದು. ನನ್ನ ತಂಗಿ ಕೊಡಿಸಿದಳು. ಗುಂಡಿ ತಿರುಗಿಸಿದರೆ ಗಾಯಕರ ಹೆಸರು ಬರುತ್ತದೆ, ಅವರ ಹಾಡು ಒಂದಾದ ಮೇಲೊಂದು. ನೆಟ್ ಬೇಡ, ಕರೆಂಟ್ ಹೋದರೂ ಹಾಡುತ್ತದೆ. ಬೇಕಾದ ಒಂದು ಹಾಡು ಬೇಕೆಂದರೆ ಮಾತ್ರ ಮುಂದೆ, ಮುಂದೆ, ಮುಂದೆ ಅಂತ ಒತ್ತುತ್ತಲೇ ಇರಬೇಕು. ಅಮ್ಮನಿಗೆ ಅದು ತೊಂದರೆಯೇ ಅಲ್ಲ, ರೇಡಿಯೋದಲ್ಲೂ ಅವರು ಹಾಕಿದ್ದನ್ನೇ ತಾನೇ ಕೇಳುತ್ತಿದ್ದದ್ದು ಅನ್ನುತ್ತಾಳೆ. ನನಗೆ ಆಗುವುದಿಲ್ಲ.

ಕ್ಯಾಸೆಟ್ಟೂ ನೋಡಿದೆ. ಮೂವತ್ತು ವರ್ಷ ಅಟ್ಟದ ಮೇಲಿದ್ದ ಟೇಪು ಮೊದಲ ದಿನವೇ ಸಿಕ್ಕಿಹಾಕಿಕೊಂಡಿತು. ಮುಗೀತು.

ಪ್ಲೇಟಿನ ಹುಚ್ಚು ಹತ್ತಿದ್ದು ಮದ್ರಾಸಿನಲ್ಲಿ. ಚೆನ್ನೈ ಅನ್ನಬೇಕು, ನಮ್ಮ ಬಾಯಲ್ಲಿ ಇನ್ನೂ ಮದ್ರಾಸೇ. ಹಿಂದೆ ಹಳೇ ಪ್ಲೇಟು ಅಂದರೆ ಸೆಂಟ್ರಲ್ ಸ್ಟೇಷನ್ ಪಕ್ಕದ ಮೂರ್ ಮಾರ್ಕೆಟ್ ಅನ್ನುತ್ತಿದ್ದರು, ಅದು 1985ರಲ್ಲಿ ಸುಟ್ಟುಹೋಯಿತು. ನಾನು ಹೋದದ್ದು ಟ್ರಿಪ್ಲಿಕೇನ್ ಕಡೆಯ ಒಂದು ಪುಟ್ಟ ಅಂಗಡಿಗೆ. ಗೋಡೆಯುದ್ದಕ್ಕೂ ಎಚ್‌ಎಂವಿ, ಕೊಲಂಬಿಯಾ, ಏಂಜೆಲ್, ಓಡಿಯನ್. ಲೇಬಲ್ಲು ಬೇರೆ ಬೇರೆ, ಕಂಪನಿ ಒಂದೇ. ಮದ್ರಾಸಿನ ಸ್ಟುಡಿಯೋದಲ್ಲಿ ಹಾಡಿದ್ದು, ಕಲ್ಕತ್ತಾದ ಡಂಡಂ ಫ್ಯಾಕ್ಟರಿಗೆ ಹೋಗಿ ಪ್ಲೇಟಾಗಿ, ಮತ್ತೆ ಮದ್ರಾಸಿಗೆ ಬಂದು, ಅಲ್ಲಿಂದ ನಮ್ಮ ಮೈಕ್‌ಸೆಟ್ಟಿನವರ ಕೈಗೆ ಬರುತ್ತಿತ್ತು.

ಇಪಿಗೆ ಇನ್ನೂರೈವತ್ತು ಹೇಳಿದರು. 1961ರ ಪಾವ ಮನ್ನಿಪ್ಪು ಚಿತ್ರದ್ದು ತೆಗೆದುಕೊಂಡೆ. ಅದರಲ್ಲಿ ಪಿ.ಬಿ. ಶ್ರೀನಿವಾಸ್ ಹಾಡಿದ ಕಾಲಂಗಳಿಲ್ ಅವಳ್ ವಸಂತಂ ಇದೆ, ಕಣ್ಣದಾಸನ್ ಬರೆದದ್ದು. ಕನ್ನಡದವರಾದ ನಮಗೆ ಪಿಬಿಎಸ್ ಅಂದರೆ ಅಣ್ಣಾವ್ರ ದನಿ. ಅಲ್ಲಿಯವರಿಗೆ ಅದೇ ದನಿ ಜೆಮಿನಿ ಗಣೇಶನ್. ಚಿಕ್ಕವನಿದ್ದಾಗ ರಾಜ್‌ಕುಮಾರ್ ತಮಿಳಲ್ಲೂ ಹಾಡುತ್ತಾರೆ ಅಂದುಕೊಂಡಿದ್ದೆ, ಪಕ್ಕದ ಮನೆಯ ಹುಡುಗ ಜೆಮಿನಿ ಕನ್ನಡದಲ್ಲಿ ಹಾಡುತ್ತಾರೆ ಅಂದುಕೊಂಡಿದ್ದ, ಇದಕ್ಕೆ ಒಂದು ಸಂಜೆ ಜಗಳವೂ ಆಗಿತ್ತು.

ಪ್ಲೇಟು ಬಂತು, ಪ್ಲೇಯರ್ ಬೇಕಲ್ಲ. ಸೂಟ್‌ಕೇಸ್ ಥರ ಮುಚ್ಚಿಡುವ ಒಂದನ್ನು ಆನ್‌ಲೈನಲ್ಲಿ ಆರೂವರೆ ಸಾವಿರ ಕೊಟ್ಟು ತರಿಸಿದೆ. ಭಾನುವಾರ ಬೆಳಗ್ಗೆ ಅಮ್ಮನನ್ನು ಕೂರಿಸಿ ಮುಳ್ಳು ಇಟ್ಟೆ. ಒಂದು ಸಾಲು ಕೇಳಿದವಳೇ, "ಏನೋ ಇದು, ಶ್ರೀನಿವಾಸ್ ಮದುವೆಗೆ ಮುಂಚೆ ಹಾಡಿದ್ದಾ?" ಅಂದಳು.

ತಮಾಷೆ ಅನ್ನಿಸಿತು. ಎರಡನೇ ಸಲ ಕೇಳಿದಾಗ ನನಗೂ ಹಾಗೇ. ದನಿ ಅದೇ, ಆದರೆ ತೆಳ್ಳಗಿದೆ. ಆ ಕೆಳಗಿನ ಸ್ವರದಲ್ಲಿ ಬರಬೇಕಾದ ಭಾರವೇ ಇಲ್ಲ. ಬೇರೆ ಯಾರ ದನಿ ಆಗಿದ್ದರೂ ಗೊತ್ತಾಗುತ್ತಿತ್ತೋ ಇಲ್ಲವೋ, ದಿನಾ ಕೇಳಿ ಬೆಳೆದ ದನಿ ಇದು. ಪ್ಲೇಟೇ ಕೆಟ್ಟಿದೆ ಅಂದುಕೊಂಡು ಅಂಗಡಿಗೆ ಫೋನ್ ಮಾಡಿದೆ. "ಪ್ಲೇಟ್ ನಲ್ಲಾ ಪಾಡುಂ ಸಾರ್, ಮೆಷಿನ್ ಪಾರುಂಗ" ಅಂದರು, ಪ್ಲೇಟು ಚೆನ್ನಾಗಿ ಹಾಡುತ್ತದೆ, ಮೆಷಿನ್ ನೋಡಿ ಅಂತ. ಸರಿ, ಹೋಲಿಸಿ ನೋಡೋಣ ಅಂತ ಅದೇ ಹಾಡನ್ನು ಫೋನಿನಲ್ಲಿ ಮೂರು ಕಡೆ ಹುಡುಕಿ ಹಾಕಿದೆ. ಮೂರೂ ಮೂರು ಶ್ರುತಿ! ಒಂದು ನನ್ನ ಪ್ಲೇಯರಿಗಿಂತ ಮೇಲೆ, ಇನ್ನೆರಡು ಕೆಳಗೆ, ಆ ಎರಡರಲ್ಲೂ ಒಂದಕ್ಕೊಂದು ಹೊಂದುವುದಿಲ್ಲ. ಯಾವುದು ಸರಿ ಅಂತ ಹೇಗೆ ಹೇಳೋದು?

ಮೇಲಿದ್ದದ್ದರ ಕಾರಣ ಆಮೇಲೆ ಗೊತ್ತಾಯಿತು. ಸಿನಿಮಾ ಸೆಕೆಂಡಿಗೆ 24 ಚಿತ್ರದ ಲೆಕ್ಕದಲ್ಲಿ ಓಡುತ್ತದೆ, ನಮ್ಮ ಹಳೇ ಟಿವಿ ಪದ್ಧತಿ 25. ಸಿನಿಮಾವನ್ನು ಟಿವಿಗೆ, ಸಿಡಿಗೆ ಇಳಿಸುವಾಗ 24ನ್ನು ಸುಮ್ನೆ 25ರಲ್ಲಿ ಓಡಿಸಿಬಿಟ್ಟರೆ ಹಾಡು ನೂರಕ್ಕೆ ನಾಲ್ಕು ಪಾಲು ಬೇಗ ಓಡುತ್ತದೆ, ಶ್ರುತಿಯೂ ಮೇಲೇರುತ್ತದೆ. ಅದನ್ನೇ ಯಾರೋ ನೆಟ್ಟಿಗೆ ಹಾಕಿರುತ್ತಾರೆ. ಎಷ್ಟೋ ಜನ ಅದನ್ನೇ ಕೇಳಿ ಅದೇ ಸರಿ ಅಂದುಕೊಂಡಿದ್ದಾರೆ, ನಾನೂ ಅಂದುಕೊಂಡಿದ್ದೆ.

ಪ್ಲೇಟಿಗೆ ಒಂದು ಲೆಕ್ಕ ಇದೆ. ಇಪಿ ನಿಮಿಷಕ್ಕೆ 45 ಸುತ್ತು. ಮೂರು ನಿಮಿಷಕ್ಕೆ 135. ದೊಡ್ಡ ಪ್ಲೇಟು, ಅಂದರೆ ಎಲ್‌ಪಿ ಆದರೆ ಇನ್ನೂ ಸುಲಭ, ಮೂರು ನಿಮಿಷಕ್ಕೆ ಸರಿಯಾಗಿ 100. ತಿರುಗುವ ತಟ್ಟೆಯ ಅಂಚಿಗೆ ಒಂದು ಚೂರು ಕಾಗದ ಅಂಟಿಸಿದೆ, ಕ್ಯಾಲೆಂಡರಿನ ಹಾಳೆಯದು. ಹಾಡು ಓಡುತ್ತಿರುವಾಗಲೇ ಎಣಿಸಬೇಕು, ಖಾಲಿ ತಟ್ಟೆಯ ವೇಗ ನಂಬಬಾರದು, ಮುಳ್ಳು ಇಟ್ಟಾಗ ಸ್ವಲ್ಪ ಎಳೆತ ಇರುತ್ತದೆ. ಅಮ್ಮ ಗೋಡೆ ಗಡಿಯಾರ ನೋಡಿದಳು, ನಾನು ಕಾಗದ ಬೆರಳಿಗೆ ಸವರಿಕೊಂಡು ಹೋದಾಗಲೆಲ್ಲ ಒಂದು, ಎರಡು ಅಂತ ಎಣಿಸಿದೆ. ಅರವತ್ತು ದಾಟುವಾಗ ಒಮ್ಮೆ ತಪ್ಪಿತು. ಮತ್ತೆ ಮೊದಲಿಂದ. 139 ಬಂತು. ಇನ್ನೊಮ್ಮೆ ಎಣಿಸಿದೆ, 139. ಅಂದರೆ ನೂರಕ್ಕೆ ಮೂರರಷ್ಟು ಜಾಸ್ತಿ. ಹಾರ್ಮೋನಿಯಂನಲ್ಲಿ ಒಂದು ಬಿಳಿ ಕೀಗೂ ಅದರ ಪಕ್ಕದ ಕಪ್ಪು ಕೀಗೂ ಇರುವ ಅಂತರದ ಅರ್ಧದಷ್ಟು. ಕೇಳಲು ಏನೂ ಅಲ್ಲ ಅನ್ನಿಸುತ್ತದೆ, ಅಮ್ಮನ ಕಿವಿಗೆ ಒಂದೇ ಸಾಲು ಸಾಕಾಯಿತು.

ಪ್ಲೇಯರಿನ ಸರ್ವಿಸಿನವರಿಗೆ ಫೋನ್ ಮಾಡಿದೆ. "ಹಾಡು ಬರ್ತಿದೆಯಲ್ಲ ಸಾರ್?" ಅಂದರು. ಬರ್ತಿದೆ, ಆದರೆ ಬೇಗ ಬರ್ತಿದೆ ಅಂದೆ. "ಹಾಗಿದ್ರೆ ಬೇಗ ಮುಗಿಯುತ್ತೆ, ಏನೂ ತೊಂದರೆ ಇಲ್ಲ ಸಾರ್" ಅಂದರು. ಬಯ್ಯೋಣ ಅಂದರೆ ನಗು ಬಂತು. ಕೊನೆಗೆ ಎಸ್‌ಪಿ ರೋಡಿನಲ್ಲಿ ಹಳೇ ಟೇಪ್‌ರೆಕಾರ್ಡರ್ ರಿಪೇರಿ ಮಾಡುವ ಒಬ್ಬರು ತಳ ಬಿಚ್ಚಿ ತೋರಿಸಿದರು. ಮೋಟರಿನ ಹಿಂದೆ ಕಡ್ಡಿ ತೂರುವಷ್ಟು ತೂತು, ಒಳಗೆ ವೇಗ ಹೊಂದಿಸುವ ಸ್ಕ್ರೂ. ವಾಚ್ ರಿಪೇರಿಯ ಸ್ಕ್ರೂಡ್ರೈವರಿನಿಂದ ಕೂದಲೆಳೆಯಷ್ಟು ತಿರುಗಿಸಬೇಕು, ಅವರು ದುಡ್ಡೂ ತೆಗೆದುಕೊಳ್ಳಲಿಲ್ಲ. ಮನೆಗೆ ಬಂದು ನಾನೇ ತಿರುಗಿಸಿದೆ. ಮೊದಲ ಸಲ ಜಾಸ್ತಿಯಾಗಿ 131ಕ್ಕೆ ಇಳಿಯಿತು, ಸೌಂದರರಾಜನ್ ಹೊಟ್ಟೆ ತುಂಬಾ ಮುದ್ದೆ ಉಂಡು ಹಾಡಿದ ಹಾಗಿತ್ತು. ಆಮೇಲೆ 137. ಆಮೇಲೆ 134. ಮಧ್ಯಾಹ್ನದ ಊಟ ಆರಿ ತಣ್ಣಗಾಯಿತು. ಮೂರು ಗಂಟೆಗೆ 135 ಬಂತು, ಎರಡು ಸಲ. ಮುಳ್ಳು ಇಟ್ಟೆ. ಅಮ್ಮ ಏನೂ ಹೇಳಲಿಲ್ಲ, ಎರಡನೇ ಚರಣಕ್ಕೆ ತಾನೇ ಹಾಡತೊಡಗಿದಳು.

ಇದಕ್ಕೇ ನಾನು ಪ್ಲೇಟಿನ ಕಡೆ. ಫೋನಿನಲ್ಲಿ ತಪ್ಪಿದ್ದರೆ ತಪ್ಪು ಅಂತಲೇ ಗೊತ್ತಾಗುವುದಿಲ್ಲ. ಪೆಟ್ಟಿಗೆಯಲ್ಲಿ ಅವರು ತುಂಬಿದ್ದೇ ಸರಿ. ಪ್ಲೇಟಿನಲ್ಲಿ ಮಾತ್ರ ಕೂತು ಎಣಿಸಿ ಸರಿ ಮಾಡಿಕೊಳ್ಳಬಹುದು.

ಹೇಳುವಾಗಲೇ ಇನ್ನೊಂದು: ಅಮೆರಿಕದಿಂದ ಯಾರಾದರೂ ಹಳೇ ಪ್ಲೇಯರ್ ತಂದುಕೊಡುತ್ತೇನೆ ಅಂದರೆ ಹುಷಾರು. ಟ್ರಾನ್ಸ್‌ಫಾರ್ಮರ್ ಹಾಕಿದರೆ ವೋಲ್ಟೇಜ್ ಸರಿಹೋಗುತ್ತದೆ, ಆದರೆ ಅಲ್ಲಿನ ಕರೆಂಟು 60 ಹರ್ಟ್ಸ್, ನಮ್ಮದು 50. ಎಸಿ ಮೋಟರಿನದ್ದಾದರೆ ಆರರಲ್ಲಿ ಒಂದು ಪಾಲು ನಿಧಾನ ಓಡುತ್ತದೆ, ಅದಕ್ಕೆ ಸ್ಕ್ರೂ ಎಲ್ಲ ನಡೆಯುವುದಿಲ್ಲ.

ಸದ್ದು ಹೇಗಿದೆ ಅಂತ ಕೇಳುತ್ತೀರಿ. ಕರಕರ ಇದೆ. ಆದರೆ ಆ ಕಾಲದ ಹಾಡುಗಳು ಮೋನೋ, ಅಂದರೆ ಎಡಕ್ಕೂ ಬಲಕ್ಕೂ ಒಂದೇ ಸದ್ದು, ಪ್ಲೇಯರ್ ಮಾತ್ರ ಎಡ ಬಲ ಬೇರೆ ಬೇರೆ ಕೊಡುವ ಸ್ಟೀರಿಯೋ. ಎಡ ಬಲ ಎರಡೂ ತಂತಿಯನ್ನು ಒಂದು ಮಾಡುವ ಪುಟ್ಟ ವೈರು ಹಾಕಿದರೆ ಅರ್ಧ ಕರಕರ ಅಲ್ಲೇ ಹೋಗುತ್ತದೆ, ನೂರು ರೂಪಾಯಿಯೊಳಗಿನ ಕೆಲಸ. ಆಮೇಲೆ ಕೇಳಿ ನೋಡಿ. ಒಂದೇ ಹಾಲ್‌ನಲ್ಲಿ ಎಲ್ಲ ವಾದ್ಯದವರೂ ಗಾಯಕರೂ ಒಟ್ಟಿಗೆ ಕೂತು ನುಡಿಸಿದ್ದು ಅದು, ಒಬ್ಬ ತಪ್ಪಿದರೆ ಎಲ್ಲರೂ ಮೊದಲಿಂದ. 1964ರ ಸರ್ವರ್ ಸುಂದರಂ ಚಿತ್ರದ ಒಂದು ಹಾಡಿನಲ್ಲಿ ರೆಕಾರ್ಡಿಂಗ್ ಹಾಲನ್ನೇ ತೋರಿಸಿದ್ದಾರೆ, ವಿಶ್ವನಾಥನ್, ಸೌಂದರರಾಜನ್ ಇಬ್ಬರೂ ಪರದೆ ಮೇಲಿದ್ದಾರೆ. ಪೆಟ್ಟಿಗೆಯಲ್ಲಿ ಹಾಡು ನುಣ್ಣಗಿದೆ, ಬೋಂಗೋ ಮೇಲೆ ಬೆರಳು ಬಿದ್ದದ್ದು ಕೇಳುವುದಿಲ್ಲ. ನನ್ನ ತಂಗಿಗೆ ಆ ನುಣ್ಣಗೇ ಇಷ್ಟ. ಇರಲಿ.

ಪ್ಲೇಟು ಕೊಳ್ಳುವಾಗ ಮೇಲಿನ ಹೊಳಪು ನೋಡಿ ಮೋಸ ಹೋಗಬೇಡಿ. ನಡುವಿನ ತೂತಿನ ಸುತ್ತ ಲೇಬಲ್ ಮೇಲೆ ಕೂದಲಿನಂಥ ಗೀರುಗಳು ಇವೆಯಾ ನೋಡಿ. ಕತ್ತಲಲ್ಲಿ, ಅವಸರದಲ್ಲಿ, ತೂತು ಹುಡುಕಿ ಹುಡುಕಿ ಇಟ್ಟ ಗುರುತು ಅದು. ಜಾಸ್ತಿ ಇದ್ದರೆ ಮೈಕ್‌ಸೆಟ್ಟಿನವರ ಪ್ಲೇಟು ಅಂತ ತಿಳಿಯಿರಿ. ಬೆಳಕಿಗೆ ಓರೆಯಾಗಿ ಹಿಡಿದರೆ ಒಂದು ಹಾಡಿನ ಪಟ್ಟಿ ಮಾತ್ರ ಬೂದು ಬಣ್ಣಕ್ಕೆ ತಿರುಗಿರುತ್ತದೆ. ಅದೇ ಊರೆಲ್ಲ ಕೇಳಿದ ಹಾಡು, ನಿಮಗೆ ಬೇಕಾದದ್ದೂ ಅದೇ ಆಗಿರುತ್ತದೆ, ಸವೆದಿರುವುದೂ ಅದೇ. ನಿಮಿಷಕ್ಕೆ 78 ಸುತ್ತಿನ ಹಳೇ ಅರಗಿನ ಪ್ಲೇಟು ಚೆಂದ ಅಂತ ತಂದು ಇದೇ ಮುಳ್ಳಿನಲ್ಲಿ ಹಾಕಬೇಡಿ, ಅದಕ್ಕೆ ದಪ್ಪ ಮುಳ್ಳು ಬೇರೆ ಬೇಕು.

ಇಳಯರಾಜಾ ಅಭಿಮಾನಿಗಳಿಗೆ ಒಂದು ಮಾತು. 1976ರ ಅನ್ನಕ್ಕಿಳಿ ಚಿತ್ರದಿಂದ ಮುಂದಿನದು ಬೇರೆಯೇ ಲೋಕ, 80ರ ದಶಕದ ಎಕೋ ಲೇಬಲ್ಲಿನ ಎಲ್‌ಪಿ ಸಿಕ್ಕರೆ ಸ್ಟೀರಿಯೋ ಕೇಳಲು ಹಬ್ಬ. ಬೆಲೆ ಕೇಳಿ ನಾನು ವಾಪಸ್ ಇಟ್ಟೆ.

ಹಾಗಾದರೆ ಯಾರಿಗೆ ಯಾವುದು? ಮನೆಯಲ್ಲಿ ವಯಸ್ಸಾದವರು ಒಬ್ಬರೇ ಇರುತ್ತಾರೆ ಅಂದರೆ ಪೆಟ್ಟಿಗೆ, ಯೋಚನೆಯೇ ಬೇಡ. ನಮ್ಮ ಮನೆಯಲ್ಲೂ ವಾರದ ದಿನ ಅಡುಗೆಮನೆಯಲ್ಲಿ ಅದೇ ಹಾಡುತ್ತಿರುತ್ತದೆ. ಬಸ್ಸಿನಲ್ಲಿ ಹೋಗುವಾಗ ನನಗೂ ಫೋನೇ. ನಾನು ತಿಂಗಳಿಗೆ ಐನೂರು ರೂಪಾಯಿಗಿಂತ ಜಾಸ್ತಿ ಪ್ಲೇಟಿಗೆ ಹಾಕುವುದಿಲ್ಲ, ಎರಡು ಇಪಿ ಬರುತ್ತದೆ. ಆರೇಳು ನಿಮಿಷಕ್ಕೊಮ್ಮೆ ಎದ್ದು ಮಗುಚಿ ಹಾಕಬೇಕು, ಇದು ದೊಡ್ಡ ತಲೆನೋವು ಅಂತ ಬಹಳ ಜನ ಹೇಳುತ್ತಾರೆ. ನಾನು ಹೇಗೂ ಕೂತಲ್ಲಿ ಕೂರುವವನಲ್ಲ. ಮತ್ತೆ ಮಗುಚಿ ಹಾಕಿದ್ದರಿಂದಲೇ ಆ ಇನ್ನೊಂದು ಕಡೆಯ ಹಾಡುಗಳು ಸಿಕ್ಕವು, ನಾನಾಗಿ ಎಂದೂ ಹೆಸರು ಹಾಕಿ ಹುಡುಕದಂಥವು.

ಈಗ ಬೇಕಿರುವುದು 1962ರ ಸುಮೈತಾಂಗಿ ಚಿತ್ರದ ಪ್ಲೇಟು. ಮಯಕ್ಕಮಾ ಕಲಕ್ಕಮಾ ಹಾಡಿಗಾಗಿ, ಅದೂ ಪಿಬಿಎಸ್. ಸಿಕ್ಕರೆ ಎತ್ತಿಡಿ ಅಂತ ಟ್ರಿಪ್ಲಿಕೇನ್ ಅಂಗಡಿಯವರಿಗೆ ಹೇಳಿ ಮೂರು ತಿಂಗಳಾಯಿತು. ಫೋನ್ ಮಾಡಿದಾಗಲೆಲ್ಲ "ಅಡುತ್ತ ವಾರಂ ಸಾರ್", ಮುಂದಿನ ವಾರ ಸಾರ್, ಅನ್ನುತ್ತಾರೆ.