ಕಂಬಳಿ ಕೊಪ್ಪೆಯೋ, ರಿಫ್ಲೆಕ್ಸ್ ವ್ಯೂಯರೋ?

ನನ್ನದು 4×5 ಇಂಚಿನ ಫಿಲ್ಮ್ ಹಾಕುವ, ಮಡಚಿ ಒಯ್ಯಬಹುದಾದ ಮರದ ಫೀಲ್ಡ್ ಕ್ಯಾಮೆರಾ. ಅದರ ಹಿಂದಿನ ಗ್ರೌಂಡ್ ಗ್ಲಾಸ್ (ಉಜ್ಜಿ ಮಸುಕು ಮಾಡಿದ ಗಾಜು) ಮೇಲೆ ಬೀಳುವ ಚಿತ್ರ ಮಂಕು, ಸಾಲದ್ದಕ್ಕೆ ತಲೆಕೆಳಗು, ಎಡಬಲವೂ ಅದಲುಬದಲು. ಸುತ್ತ ಕತ್ತಲೆ ಮಾಡಿಕೊಳ್ಳದಿದ್ದರೆ ಫೋಕಸ್ ಆಗುವ ಮಾತೇ ಇಲ್ಲ. ಅದಕ್ಕೆ ಮೂರು ದಾರಿ ಹಿಡಿದು ನೋಡಿದೆ: ಅಪ್ಪನ ಕಂಬಳಿ ಕೊಪ್ಪೆ, ಸೆಕೆಂಡ್ ಹ್ಯಾಂಡ್ ರಿಫ್ಲೆಕ್ಸ್ ವ್ಯೂಯರ್ (ಗ್ಲಾಸಿನ ಹಿಂದೆ ಸಿಕ್ಕಿಸುವ, ಒಳಗೆ ಓರೆ ಕನ್ನಡಿ ಇರುವ ಮುಚ್ಚಿದ ಗೂಡು), ನಾನೇ ಮಾಡಿದ ಕನ್ನಡಿ ಡಬ್ಬಿ.

ಡಬ್ಬಿಯ ಕಥೆ ಚಿಕ್ಕದು. ಪ್ಲೈವುಡ್ಡಿನಲ್ಲಿ 45 ಡಿಗ್ರಿಗೆ ಮನೆಯ ಮಾಮೂಲಿ ಕನ್ನಡಿ ಕೂರಿಸಿದೆ. ಅದರ ಲೇಪ ಗಾಜಿನ ಹಿಂದಿರುತ್ತದಲ್ಲ, ಗಾಜಿನ ಮುಂಭಾಗವೂ ಒಂದು ಮಸುಕು ಬಿಂಬ ಕೊಟ್ಟಿತು. ಒಂದು ಅಡಿಕೆ ಮರ ಎರಡಾಯಿತು. ಗುಜರಿಯಲ್ಲಿ ಝೆರಾಕ್ಸ್ ಮೆಷಿನ್ನಿನ ಕನ್ನಡಿ ಸಿಕ್ಕಿತು. ಲೇಪವೇನೋ ಮುಂದೆಯೇ ಇತ್ತು, ಆದರೆ ಅದು ಬರೀ ಪಟ್ಟಿ, ಅಗಲ ಸಾಲಲಿಲ್ಲ. ಬಿಟ್ಟೆ.

ಇನ್ನು ಉಳಿದವು ಎರಡು. ಜುಲೈನಲ್ಲಿ ಆಗುಂಬೆ ಹತ್ತಿರ ಒಂದು ಹಳ್ಳದ ಬದಿ, ಮಳೆ ಬಿಟ್ಟಿದ್ದು ಅರ್ಧ ಗಂಟೆ. ಕೊಪ್ಪೆಯೊಳಗೆ ತಲೆ ಹಾಕಿದ ಎರಡೇ ನಿಮಿಷಕ್ಕೆ ಉಸಿರು ತಾಗಿ ಗ್ಲಾಸ್ ಮಂಜಾಯಿತು. ಒರೆಸು, ನೋಡು, ಮತ್ತೆ ಒರೆಸು. ಮೇಲೆ ಒದ್ದೆ ಉಣ್ಣೆಯ ವಾಸನೆ, ಕೆಳಗೆ ಇಂಬಳ. ಅಲ್ಲಿ ವ್ಯೂಯರ್ ಸುಖ ಕೊಟ್ಟಿತು. ಮೂಗು ಬಾಯಿ ಹೊರಗೇ ಇರುತ್ತವೆ. ಟ್ರೈಪಾಡ್ ಸೊಂಟಕ್ಕಿಂತ ಕೆಳಗಿದ್ದರೂ ಮೇಲಿಂದ ಬಗ್ಗಿ ನೋಡಬಹುದು, ಕೆಸರಿನಲ್ಲಿ ಮಂಡಿ ಊರಬೇಕಿಲ್ಲ. ಚಿತ್ರ ನೆಟ್ಟಗೆ ನಿಲ್ಲುತ್ತದೆ. ಎಡಬಲ ಮಾತ್ರ ಅದಲುಬದಲಾಗೇ ಇರುತ್ತದೆ, ಒಂದು ಕನ್ನಡಿಯಿಂದ ಅಷ್ಟೇ ಸಾಧ್ಯ.

ಸಾಗರದ ಹತ್ತಿರ ಇಕ್ಕೇರಿಗೆ ಹೋದಾಗ ಲೆಕ್ಕ ತಿರುಗಿತು. ಅಘೋರೇಶ್ವರ ದೇವಸ್ಥಾನವನ್ನು 90 ಎಂಎಂ ವೈಡ್ (ಅಗಲ ನೋಟದ) ಲೆನ್ಸಿನಲ್ಲಿ ಹಿಡಿಯಬೇಕಿತ್ತು. ಗೋಡೆಗಳು ವಾಲದ ಹಾಗೆ ಕ್ಯಾಮೆರಾದ ಹಿಂಭಾಗ ನೆಟ್ಟಗಿಟ್ಟು, ಲೆನ್ಸನ್ನಷ್ಟೇ ಮೇಲೇರಿಸಿದೆ. ವ್ಯೂಯರಿನಲ್ಲಿ ನಡುವೆ ಬೆಳಕು, ಮೂಲೆಗಳು ಕಗ್ಗತ್ತಲೆ! ವೈಡ್ ಲೆನ್ಸಿನ ಬೆಳಕು ಮೂಲೆಗೆ ತೀರಾ ಓರೆಯಾಗಿ ಬೀಳುತ್ತದೆ. ಅದು ಕಾಣಬೇಕಾದರೆ ಕಣ್ಣೂ ಓರೆಗೆ ಸರಿಯಬೇಕು. ಕೊಪ್ಪೆಯೊಳಗಾದರೆ ತಲೆ ಅತ್ತಿತ್ತ ಆಡಿಸಿದರಾಯಿತು. ವ್ಯೂಯರಿನಲ್ಲಿ ಕಣ್ಣಿಗೆ ಕಟ್ಟು ಹಾಕಿದ ಹಾಗೆ. ಕ್ಯಾಮೆರಾ ಎತ್ತರದಲ್ಲಿದ್ದುದರಿಂದ ಮೇಲಿಂದ ಇಣುಕಲು ಸ್ಟೂಲ್ ಬೇರೆ ಹುಡುಕಬೇಕಾಯಿತು.

ಕೊನೆಯ ಫೋಕಸ್‌ಗೆ ಲೂಪ್ (ಗಾಜಿಗೆ ಒತ್ತಿ ನೋಡುವ ಭೂತಗನ್ನಡಿ) ಬೇಕೇ ಬೇಕು. ವ್ಯೂಯರ್ ಕೂತಿದ್ದರೆ ಲೂಪ್ ಇಡಲು ಜಾಗವಿಲ್ಲ, ಬಿಚ್ಚಬೇಕು. ಬಿಚ್ಚುವಾಗ ಕ್ಯಾಮೆರಾದ ಮರದ ಹಿಂಭಾಗ ಒಂದು ಕೂದಲೆಳೆ ಅಲುಗುತ್ತದೆ. ಇದು ನನಗೆ ಜಾಸ್ತಿ ಸಿಟ್ಟು ತರಿಸುವ ವಿಷಯ.

ಈಗ ವೈಡ್ ಅಲ್ಲದ 210 ಎಂಎಂ ಲೆನ್ಸ್ ಹಾಕಿದರೆ ವ್ಯೂಯರ್, 90 ಹಾಕಿದರೆ ಕೊಪ್ಪೆ. ಜನರ ಚಿತ್ರಕ್ಕೂ ವ್ಯೂಯರೇ ವಾಸಿ, ಕೊಪ್ಪೆ ಹೊದ್ದರೆ ಎದುರಿಗೆ ಕೂತ ಅಜ್ಜಿಗೆ ನಗು ತಡೆಯುವುದಿಲ್ಲ. ವ್ಯೂಯರ್ ಕೊಳ್ಳುವವರು ಒಂದು ವಿಷಯ ಮೊದಲೇ ನೋಡಿ: ಒಳಗಿನ ಕನ್ನಡಿಯ ಕೋನ ಬದಲಿಸಲು ಬರುತ್ತದೆಯಾ? ಬಂದರೆ ಮೂಲೆಗಳನ್ನು ಸ್ವಲ್ಪವಾದರೂ ಬೆನ್ನಟ್ಟಬಹುದು. ನನ್ನದರಲ್ಲಿ ಬರುವುದಿಲ್ಲ.