ಸಬ್‌ವೂಫರ್ ಸೇರಿಸುವ ಎರಡು ದಾರಿ: ರಿಸೀವರ್ ಕ್ರಾಸ್‌ಓವರಾ, ಹೈ ಲೆವೆಲ್ ವೈರಾ?

ಸಬ್‌ವೂಫರ್ (ಬೇಸ್, ಅಂದರೆ ಕೆಳಗಿನ ದಪ್ಪ ಶಬ್ದಕ್ಕೆಂದೇ ಇರುವ ಸ್ಪೀಕರ್) ತಂದು ಮೂಲೆಗಿಟ್ಟು ಪ್ಲಗ್ ಹಾಕಿದರೆ ಬೇಸ್ ಬಂದೇ ಬರುತ್ತದೆ. ಆದರೆ ಆ ಬೇಸ್ ಮೂಲೆಯಿಂದ ಬರುತ್ತಿದೆ ಅಂತ ಗೊತ್ತಾಗಬಾರದು, ಮುಂದಿರುವ ಎರಡು ಸ್ಪೀಕರೇ ದೊಡ್ಡದಾದ ಹಾಗೆ ಕೇಳಬೇಕು. ಕಷ್ಟ ಇರುವುದು ಅಲ್ಲಿ. ಇದಕ್ಕೆ ಮುಖ್ಯವಾಗಿ ಎರಡು ದಾರಿ ಇವೆ, ಎರಡಕ್ಕೂ ಪ್ರಾಣ ಕೊಡುವಷ್ಟು ಅಭಿಮಾನಿಗಳೂ ಇದ್ದಾರೆ. ನಾನು ಒಂದೇ ಹಾಲ್‌ನಲ್ಲಿ, ಅದೇ ಸ್ಪೀಕರ್, ಅದೇ ಸಬ್ ಇಟ್ಟುಕೊಂಡು ಎರಡನ್ನೂ ಕೇಳಿ ನೋಡಿದ್ದೇನೆ.

ಮೊದಲು ನನ್ನ ಸಾಮಾನು. 5 ಇಂಚಿನ ವೂಫರ್ ಇರುವ ಬುಕ್‌ಶೆಲ್ಫ್ ಸ್ಪೀಕರ್, ಹಿಂದೆ ಪೋರ್ಟ್ (ಗಾಳಿ ಓಡಾಡುವ ತೂತು) ಇದೆ, 55 ಹರ್ಟ್ಜ್‌ಗಿಂತ (ಹರ್ಟ್ಜ್ ಅಂದರೆ ಸೆಕೆಂಡಿಗೆ ಎಷ್ಟು ಕಂಪನ ಅನ್ನುವ ಲೆಕ್ಕ) ಕೆಳಗೆ ಕೈ ಚೆಲ್ಲುತ್ತವೆ. ಸಬ್ 10 ಇಂಚಿನ ಸೀಲ್ಡ್, ಅಂದರೆ ತೂತಿಲ್ಲದ ಪೆಟ್ಟಿಗೆ. ಹಾಲ್ 15 ಅಡಿ ಉದ್ದ, 10 ಅಡಿ ಅಗಲ, ಮೇಲೆ ತಾರಸಿಯೂ 10 ಅಡಿ. ಬೆಂಗಳೂರಿನ ಎಷ್ಟೋ ಬಾಡಿಗೆ ಮನೆಗಳ ಅಳತೆ ಇದೇ. ಗೋಡೆ ಇಟ್ಟಿಗೆ, ಮೇಲೆ ಕಾಂಕ್ರೀಟ್, ಹಾಗಾಗಿ ಬೇಸ್ ಹೊರಗೆ ಸೋರಿ ಹೋಗುವುದು ಕಡಿಮೆ, ಒಳಗೇ ಸುತ್ತುತ್ತದೆ.

ಈ ಅಳತೆಯ ಲೆಕ್ಕ ಸ್ವಲ್ಪ ಹೇಳಲೇಬೇಕು, ಯಾಕೆಂದರೆ ಯಾವ ದಾರಿ ಗೆಲ್ಲುತ್ತದೆ ಅನ್ನುವುದನ್ನು ಅರ್ಧ ತೀರ್ಮಾನಿಸುವುದು ಕೋಣೆಯೇ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ಅದನ್ನು ಕೋಣೆಯ ಉದ್ದದ ಎರಡರಷ್ಟರಿಂದ ಭಾಗಿಸಿದರೆ ಆ ಕೋಣೆ ಯಾವ ಹರ್ಟ್ಜ್‌ನಲ್ಲಿ ಗುಂಯ್ ಅನ್ನುತ್ತದೆ ಅಂತ ಸಿಗುತ್ತದೆ. 15 ಅಡಿಗೆ ಸುಮಾರು 37.5, 10 ಅಡಿಗೆ ಸುಮಾರು 56. ನನ್ನಲ್ಲಿ ಅಗಲವೂ 10, ಎತ್ತರವೂ 10. ಅಂದರೆ 56ರಲ್ಲಿ ಎರಡು ಗುಂಯ್ ಒಂದರ ಮೇಲೊಂದು ಕೂತಿವೆ. ಡೊಳ್ಳಿನ ಏಟು, ಕಿಕ್ ಡ್ರಮ್ಮು ಎಲ್ಲ ಆ ಸುತ್ತಮುತ್ತಲೇ ಬೀಳುವುದು.

ಮೊದಲ ದಾರಿ ಎಲ್ಲರಿಗೂ ಗೊತ್ತಿರುವುದು. ರಿಸೀವರ್‌ನ (ಆಂಪ್ ಮತ್ತು ಸಿನಿಮಾ ಶಬ್ದ ಬಿಡಿಸುವ ಸೌಲಭ್ಯ ಎರಡೂ ಇರುವ ಪೆಟ್ಟಿಗೆ) ಸಬ್ ಔಟ್‌ನಿಂದ ಒಂದು ಆರ್‌ಸಿಎ ಕೇಬಲ್, ಸ್ಪೀಕರ್‌ಗಳನ್ನು ಸೆಟ್ಟಿಂಗ್‌ನಲ್ಲಿ ಸ್ಮಾಲ್ ಮಾಡುವುದು, ಕ್ರಾಸ್‌ಓವರ್, ಅಂದರೆ ಕೆಲಸ ಹಂಚುವ ಗಡಿ, 80 ಹರ್ಟ್ಜ್. ಆಗ 80ಕ್ಕಿಂತ ಕೆಳಗಿನ ಕೆಲಸ ಸಬ್‌ಗೆ, ಮೇಲಿನದು ಸ್ಪೀಕರ್‌ಗೆ. ಸಬ್ ಹಿಂದಿರುವ ಕ್ರಾಸ್‌ಓವರ್ ಗುಂಡಿಯನ್ನು ಪೂರ್ತಿ ಮೇಲಕ್ಕೆ ತಿರುಗಿಸಿಬಿಡಬೇಕು, ಇಲ್ಲದಿದ್ದರೆ ಎರಡು ಫಿಲ್ಟರ್ ಸೇರಿಕೊಂಡು ನಡುವೆ ಹಳ್ಳ ಬೀಳುತ್ತದೆ.

ಇದರಲ್ಲಿ ನನಗೆ ಮೊದಲು ಹಿಡಿಸಿದ್ದು ಬೇಸ್ ಅಲ್ಲವೇ ಅಲ್ಲ, ಹಾಡುವವರ ದನಿ. ಒಂದು ಆಕ್ಟೇವ್ (ಹರ್ಟ್ಜ್ ಅರ್ಧವಾಗುವಷ್ಟು) ಕೆಳಗೆ ಅಷ್ಟೇ ಜೋರಾಗಿ ನುಡಿಸಬೇಕಂದರೆ ವೂಫರ್ ನಾಲ್ಕು ಪಟ್ಟು ಜಾಸ್ತಿ ಅಲುಗಬೇಕು. ಆ ಹೊರೆ ಇಳಿದ ಕೂಡಲೇ ಅದೇ 5 ಇಂಚಿನ ಕೋನ್ ದನಿಯನ್ನು ಎಷ್ಟು ಬಿಡಿಸಿ ಕೊಡುತ್ತದೆ ಅಂದರೆ, ವಾಲ್ಯೂಮ್ ಏರಿಸಿದಾಗ ಸ್ಪೀಕರ್ ಬದಲಾಯಿಸಿದ ಹಾಗನ್ನಿಸುತ್ತದೆ. 60ಕ್ಕೆ ಇಳಿಸಿ ನೋಡಿದೆ, ಸಿನಿಮಾ ಜೋರಾದಾಗ ಸ್ಪೀಕರ್‌ಗಳು ಮತ್ತೆ ತಿಣುಕಿದವು. 100ಕ್ಕೆ ಏರಿಸಿದರೆ ಗಂಡಸರ ದಪ್ಪ ದನಿಯ ಬುಡ ಸಬ್ ಕಡೆಗೆ ಜಾರುತ್ತದೆ. 80 ಅನ್ನುವುದು ಸುಮ್ನೆ ಬಂದ ನಂಬರ್ ಅಲ್ಲ, ಅಲ್ಲಿ ಅಲೆಯ ಉದ್ದ 4 ಮೀಟರ್ ದಾಟಿರುತ್ತದೆ, ಯಾವ ದಿಕ್ಕಿನಿಂದ ಬಂತು ಅಂತ ಕಿವಿಗೆ ಹಿಡಿಯುವುದು ಕಷ್ಟ.

ಎರಡನೆಯ ದಾರಿ ಹೈ ಲೆವೆಲ್. ಆಂಪ್‌ನ ಸ್ಪೀಕರ್ ಟರ್ಮಿನಲ್‌ನಿಂದಲೇ ಇನ್ನೊಂದು ವೈರ್ ಎಳೆದು ಸಬ್‌ಗೆ ಕೊಡುವುದು. ಬ್ರಿಟನ್‌ನ ಆರ್‌ಇಎಲ್ ಕಂಪನಿ ಮೊದಲಿನಿಂದಲೂ ಇದನ್ನೇ ಹೇಳಿಕೊಂಡು ಬಂದಿದೆ. ಸ್ಪೀಕರ್‌ಗಳು ಪೂರ್ತಿ ನುಡಿಯುತ್ತಿರುತ್ತವೆ, ಅವು ಎಲ್ಲಿ ಸೋಲುತ್ತವೋ ಅಲ್ಲಿಂದ ಕೆಳಗೆ ಸಬ್ ಹಿಡಿದುಕೊಳ್ಳುತ್ತದೆ. ಈ ಇನ್‌ಪುಟ್‌ನ ಇಂಪೀಡೆನ್ಸ್ (ಕರೆಂಟಿಗೆ ಒಡ್ಡುವ ತಡೆ) ತುಂಬಾ ಜಾಸ್ತಿ, ಹಾಗಾಗಿ ಆಂಪ್ ಮೇಲೆ ಹೊರೆ ಬೀಳುವುದಿಲ್ಲ. ಒಂದು ಎಚ್ಚರಿಕೆ ಮಾತ್ರ. ಆಂಪ್ ಬ್ರಿಡ್ಜ್ ಮಾಡಿದ ಕ್ಲಾಸ್ ಡಿ (ಮೈನಸ್ ಟರ್ಮಿನಲ್‌ನಲ್ಲೂ ಸಿಗ್ನಲ್ ಇರುವ ಬಗೆ) ಆಗಿದ್ದರೆ ಕಪ್ಪು ವೈರನ್ನು ಮೈನಸ್ ಟರ್ಮಿನಲ್‌ಗೆ ಹಾಕಬಾರದು, ಅದು ಆಂಪ್‌ನ ಗ್ರೌಂಡ್‌ಗೆ ಹೋಗಬೇಕು. ಮ್ಯಾನ್ಯುಯಲ್ ಓದದೆ ಕೈ ಹಾಕಿದರೆ ಆಂಪ್ ಸುಟ್ಟರೂ ಸುಟ್ಟೀತು.

ಹೋಲಿಕೆ ನ್ಯಾಯವಾಗಿರಲಿ ಅಂತ ಇದಕ್ಕೂ ಅದೇ ರಿಸೀವರ್ ಬಳಸಿದೆ. ಸ್ಪೀಕರ್ ಲಾರ್ಜ್ (ಅಂದರೆ ಪೂರ್ತಿ ಬೇಸ್ ಅವಕ್ಕೇ), ಸಬ್ ಇಲ್ಲ ಅಂತ ಸೆಟ್ ಮಾಡಿ, ಸಬ್‌ನ ಗುಂಡಿಯನ್ನು 50ರ ಹತ್ತಿರ ಇಟ್ಟೆ. ಮೆಲ್ಲಗೆ ಕಚೇರಿ ಕೇಳುವಾಗ ಇದು ನಿಜಕ್ಕೂ ಚೆನ್ನಾಗಿದೆ. ಮೃದಂಗದ ಎಡಗೈ ನಾದ, ತಂಬೂರಿಯ ಕೆಳಗಿನ ತಂತಿ, ಎರಡಕ್ಕೂ ಒಂದು ಮೈ ಬರುತ್ತದೆ, ಸಬ್ ಇದೆ ಅಂತಲೇ ಅನ್ನಿಸುವುದಿಲ್ಲ. ಅಭಿಮಾನಿಗಳು ಹೇಳುವುದರಲ್ಲಿ ಸುಳ್ಳಿಲ್ಲ.

ಆದರೆ ವಾಲ್ಯೂಮ್ ಏರಿಸಿ ನೋಡಿ. ಸ್ಪೀಕರ್‌ಗಳು ಸೋಲುವುದೂ, ಸಬ್ ಶುರುವಾಗುವುದೂ ನನ್ನ ಮನೆಯ 56ರ ಆಸುಪಾಸಿನಲ್ಲೇ. ಮೂರು ಪೆಟ್ಟಿಗೆಗಳೂ ಸೇರಿ ಅದೇ ಗುಂಯ್‌ಗೆ ತುಪ್ಪ ಸುರಿಯುತ್ತವೆ. ಸ್ಪೀಕರ್‌ಗಳ ಪೋರ್ಟ್‌ಗೆ ಫೋಮ್ ತುರುಕಿದಾಗ ಸ್ವಲ್ಪ ತಹಬದಿಗೆ ಬಂತು, ಯಾಕೆಂದರೆ ಆಗ ಅವುಗಳ ಬೇಸ್ ಕಡಿದಾಗಿ ಬೀಳದೆ ನಿಧಾನಕ್ಕೆ ಇಳಿಯುತ್ತದೆ, ಸಬ್ ಜೊತೆ ಬೆರೆಯುವುದು ಸುಲಭ. ಹೈ ಲೆವೆಲ್ ಬಳಸುವವರು ಈ ಫೋಮ್ ಉಪಾಯ ಮಾಡಿ ನೋಡಲೇಬೇಕು, ಖರ್ಚೇನೂ ಇಲ್ಲ. ಸಿನಿಮಾಕ್ಕೆ ಮಾತ್ರ ಇದು ಆಗುವುದಿಲ್ಲ. ಸಬ್ ಇಲ್ಲ ಅಂತ ತಿಳಿದ ರಿಸೀವರ್ ಎಲ್‌ಎಫ್‌ಇ (ಸಿನಿಮಾದ ಗುಡುಗು, ಸ್ಫೋಟಗಳಿಗೆಂದು ಇರುವ ಪ್ರತ್ಯೇಕ ಟ್ರ್ಯಾಕ್) ಬೇಸನ್ನೂ ಆ ಬಡಪಾಯಿ 5 ಇಂಚಿನವುಗಳ ತಲೆಗೇ ಕಟ್ಟುತ್ತದೆ. ಹೈ ಲೆವೆಲ್ ಮತ್ತು ಎಲ್‌ಎಫ್‌ಇ ಎರಡೂ ಕೇಬಲ್ ಒಟ್ಟಿಗೆ ತೆಗೆದುಕೊಳ್ಳುವ ಸಬ್‌ಗಳಿವೆ, ನನ್ನದು ಅಂಥದ್ದಲ್ಲ.

ನನ್ನ ಮಟ್ಟಿಗೆ ನಿಜವಾದ ವ್ಯತ್ಯಾಸ ಕಂಡಿದ್ದು ಸಮಯ ಹೊಂದಿಸುವುದರಲ್ಲಿ. ಟೇಪ್ ಹಿಡಿದರೆ ನನ್ನ ಸಬ್ ಸೋಫಾದಿಂದ 9 ಅಡಿ. ರಿಸೀವರ್ ಜೊತೆ ಬರುವ ಅಳತೆ ಮೈಕ್ ಅದನ್ನು 13 ಅಡಿ ಅನ್ನುತ್ತದೆ. ತುಂಬಾ ಜನ ಇದನ್ನು ನೋಡಿ 9 ಅಂತ ತಿದ್ದಿಬಿಡುತ್ತಾರೆ, ದಯವಿಟ್ಟು ತಿದ್ದಬೇಡಿ. ಸಬ್ ಒಳಗಿನ ಡಿಎಸ್‌ಪಿ (ಶಬ್ದ ತಿದ್ದುವ ಚಿಪ್) ಮತ್ತು ಫಿಲ್ಟರ್‌ಗಳು ಶಬ್ದವನ್ನು ಸ್ವಲ್ಪ ತಡಮಾಡುತ್ತವೆ, ರಿಸೀವರ್ ಆ ತಡವನ್ನೇ ಅಡಿಯ ಲೆಕ್ಕದಲ್ಲಿ ಬರೆದಿರುತ್ತದೆ. 4 ಅಡಿ ಅಂದರೆ ಸುಮಾರು 3.5 ಮಿಲಿಸೆಕೆಂಡ್. ಅಷ್ಟೇನಾ ಅನ್ನಿಸಬಹುದು. ಆದರೆ 80 ಹರ್ಟ್ಜ್‌ನ ಒಂದು ಸುತ್ತೇ 12.5 ಮಿಲಿಸೆಕೆಂಡ್, ಅದರಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ತಪ್ಪಿದರೆ ಏಟು ಸಡಿಲವಾಗಿ ಕೇಳುತ್ತದೆ. ಮೊದಲ ದಾರಿಯಲ್ಲಿ ರಿಸೀವರ್ ಸ್ಪೀಕರ್‌ಗಳನ್ನು ಅಷ್ಟು ಹೊತ್ತು ಕಾಯಿಸುತ್ತದೆ. ಹೈ ಲೆವೆಲ್‌ನಲ್ಲಿ ಕಾಯಿಸುವವರು ಯಾರೂ ಇಲ್ಲ. ಫೇಸ್ ಗುಂಡಿ (ಸಬ್‌ನ ಅಲೆಯ ಏರಿಳಿತವನ್ನು ಸ್ಪೀಕರ್‌ಗೆ ಹೊಂದಿಸುವುದು) ತಿರುಗಿಸಿ, ಸಬ್ ಅನ್ನು ಅತ್ತಿತ್ತ ಸರಿಸಿ, ಸಿಕ್ಕಷ್ಟಕ್ಕೆ ಸುಮ್ಮನಾಗಬೇಕು.

ಫೇಸ್ ನೋಡುವುದು ಹೇಗೆ ಅಂತ ಕೇಳುವವರಿಗೆ: ಎರಡೂ ಸೇರುವ ಜಾಗದ ಟೋನ್ ಹಾಕಿ, 80 ಇದ್ದರೆ 80, 50 ಇದ್ದರೆ 50. ನೀವು ಸೋಫಾದಲ್ಲೇ ಕೂತಿರಿ, ಇನ್ನೊಬ್ಬರು ಸ್ವಿಚ್ಚನ್ನು 0ಗೂ 180ಕ್ಕೂ ಬದಲಾಯಿಸಲಿ. ಯಾವುದರಲ್ಲಿ ಜೋರಾಗಿ ಕೇಳುತ್ತದೋ ಅದೇ ಸರಿ. ಅಳೆದು ನೋಡುವ ಚಪಲ ಇದ್ದರೆ ರೂಮ್ ಇಕ್ಯೂ ವಿಜಾರ್ಡ್ ಅನ್ನುವ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ, ಒಂದು ಯುಎಸ್‌ಬಿ ಅಳತೆ ಮೈಕ್ ಸಾಕು. ಫೋನಿನ ಮೈಕ್ ನಂಬಬೇಡಿ, ಕೆಳಗಿನ ಬೇಸ್ ಅದಕ್ಕೆ ಸರಿಯಾಗಿ ಕೇಳಿಸುವುದೇ ಇಲ್ಲ.

ಡೆನಾನ್, ಮರಾಂಟ್ಜ್ ರಿಸೀವರ್‌ಗಳಲ್ಲಿ ಎಲ್‌ಎಫ್‌ಇ ಪ್ಲಸ್ ಮೇನ್ ಅಂತ ಇನ್ನೊಂದು ಆಯ್ಕೆ ಇರುತ್ತದೆ. ಸ್ಪೀಕರ್ ಲಾರ್ಜ್ ಇದ್ದಾಗ ಒಂದೇ ಬೇಸನ್ನು ಸ್ಪೀಕರ್‌ಗೂ ಕೊಟ್ಟು ಸಬ್‌ಗೂ ಕೊಡುತ್ತದೆ. ಅಂಗಡಿಯಲ್ಲಿ ಐದು ನಿಮಿಷ ಕೇಳಲು ಮಜಾ, ಮನೆಗೆ ಬೇಡ.

ಜಾಗದ ವಿಷಯ. ಮೂಲೆಯಲ್ಲಿಟ್ಟರೆ ಜೋರು ಜಾಸ್ತಿ, ಆದರೆ ಕೋಣೆಯ ಎಲ್ಲ ಗುಂಯ್‌ಗಳೂ ಒಟ್ಟಿಗೆ ಏಳುತ್ತವೆ. ಮುಂದಿನ ಗೋಡೆಯ ಸರಿ ಮಧ್ಯಕ್ಕೆ ತಂದಾಗ ಅಗಲದ 56 ಏಳುವುದೇ ಇಲ್ಲ, ಎತ್ತರದ್ದು ಮಾತ್ರ ಉಳಿಯುತ್ತದೆ. ನನ್ನಲ್ಲಿ ಯಾವ ದಾರಿ ಹಿಡಿದರೂ ಇದೇ ಜಾಗ ಗೆದ್ದಿತು, ಮತ್ತು ಮೂಲೆಗೂ ಮಧ್ಯಕ್ಕೂ ಇರುವ ವ್ಯತ್ಯಾಸ ಎರಡು ದಾರಿಗಳ ನಡುವಿನ ವ್ಯತ್ಯಾಸಕ್ಕಿಂತ ದೊಡ್ಡದು. ಉಳಿದ ಉಬ್ಬನ್ನು ರಿಸೀವರ್‌ನ ಇಕ್ಯೂ (ಬೇಕಾದ ಹರ್ಟ್ಜ್ ಮಾತ್ರ ಏರಿಸಿ ಇಳಿಸುವ ಸೌಲಭ್ಯ) ಕತ್ತರಿಸಿತು. ಉಬ್ಬನ್ನು ಕತ್ತರಿಸಬಹುದು, ಕೋಣೆ ನುಂಗಿದ ಹಳ್ಳವನ್ನು ಇಕ್ಯೂ ತುಂಬಲಾರದು, ಅದಕ್ಕೆ ಸಬ್ಬನ್ನೋ ಸೋಫಾವನ್ನೋ ಸರಿಸಲೇಬೇಕು.

ಹಮ್ ಬಗ್ಗೆಯೂ ಒಂದು ಮಾತು. ಉದ್ದ ಆರ್‌ಸಿಎ ಕೇಬಲ್ ಎಳೆದಾಗ ನಮ್ಮ ಕರೆಂಟಿನ 50 ಹರ್ಟ್ಜ್ ಸಬ್‌ನಲ್ಲಿ ಕೂತು ಗೊಣಗುತ್ತಿತ್ತು. ರಿಸೀವರನ್ನೂ ಸಬ್ಬನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿದ ಮೇಲೆ ಹೋಯಿತು. ಅರ್ಥಿಂಗ್ ಪಿನ್ ಕಿತ್ತುಹಾಕುವ ಸಲಹೆ ಕೊಡುವವರ ಮಾತು ಕೇಳಬೇಡಿ.

ಈಗ ನಮ್ಮ ಹಾಲ್‌ನಲ್ಲಿರುವುದು ಮೊದಲ ದಾರಿಯೇ. ಸಬ್ ಔಟ್ ಇಲ್ಲದ ಸ್ಟೀರಿಯೋ ಆಂಪ್, 40 ಹರ್ಟ್ಜ್‌ವರೆಗೆ ತಾವೇ ಇಳಿಯುವ ದೊಡ್ಡ ಸ್ಪೀಕರ್, ಸಿನಿಮಾ ನೋಡುವ ಹುಚ್ಚಿಲ್ಲ ಅನ್ನುವವರು ಧಾರಾಳವಾಗಿ ಹೈ ಲೆವೆಲ್ ಹಿಡಿಯಲಿ. ನನಗೆ ಉಳಿದಿರುವ ತಕರಾರು 37.5ರದ್ದು, ಸೋಫಾ ಹಿಂದಿನ ಗೋಡೆಗೆ ಅಂಟಿಕೊಂಡಿರುವುದರಿಂದ ಅದು ಅಲ್ಲಿ ಜೋರು. ಎದುರುಬದುರು ಗೋಡೆಗಳ ಮಧ್ಯದಲ್ಲಿ ಒಂದೊಂದು ಸಬ್ ಇಟ್ಟರೆ ಇಂಥದ್ದು ತಗ್ಗುತ್ತದೆ ಅಂತ ಹರ್ಮನ್ ಕಂಪನಿಯ ಟಾಡ್ ವೆಲ್ಟಿ 2002ರಲ್ಲೇ ತೋರಿಸಿದ್ದಾರೆ. ಎರಡನೇ ಸಬ್‌ಗೆ ದುಡ್ಡು ಹೇಗೋ ಹೊಂದಿಸಬಹುದು. ಅದನ್ನಿಡಲು ಸೋಫಾ ಒಂದೂವರೆ ಅಡಿ ಮುಂದೆ ಬರಬೇಕು, ಅದಕ್ಕಿನ್ನೂ ಮನೆಯಲ್ಲಿ ಒಪ್ಪಿಗೆ ಸಿಕ್ಕಿಲ್ಲ.