ಚಾರ್ಕೋಲ್, ಇಂಕ್, ಮೇಣ: ಮಾನವಾಕೃತಿಗೆ ಮೂರು ಜೋಡಿಗಳ ಹೋಲಿಕೆ

ಮಾನವಾಕೃತಿ ಬಿಡಿಸುವಾಗ ಎರಡು ಮಾಧ್ಯಮ ಬೆರೆಸೋಣ ಅಂದರೆ, ಯಾವುದರ ಜೊತೆ ಯಾವುದು ಹೊಂದುತ್ತದೆ ಎಂದು ಎಲ್ಲರೂ ಕೇಳುತ್ತಾರೆ. ಯಾವುದನ್ನು ಮೊದಲು ಹಾಕಬೇಕು ಎಂದು ಕೇಳುವವರು ಕಡಿಮೆ. ನಾನು ಮೂರು ಜೋಡಿಗಳನ್ನು ಪಕ್ಕಪಕ್ಕ ಇಟ್ಟು ಪ್ರಯತ್ನಿಸಿದಾಗ ಹೆಚ್ಚು ವ್ಯತ್ಯಾಸ ಮಾಡಿದ್ದು ಈ ಎರಡನೇ ಪ್ರಶ್ನೆಯೇ. ಅದೇ ಚಾರ್ಕೋಲ್ (ಇದ್ದಿಲು), ಅದೇ ಬಣ್ಣ. ಕ್ರಮ ತಿರುಗಿಸಿದರೆ ಹಾಳೆಯ ಮೇಲೆ ಬೇರೆ ದೇಹವೇ ಬಂದು ಕೂರುತ್ತದೆ.

ಹೋಲಿಕೆ ಸರಿಯಾಗಿರಲಿ ಅಂತ ಕಾಗದ ಒಂದೇ ಇಟ್ಟುಕೊಂಡೆ. 300 ಜಿಎಸ್‌ಎಂ (ಒಂದು ಚದರ ಮೀಟರಿಗೆ 300 ಗ್ರಾಂ ತೂಗುವಷ್ಟು ದಪ್ಪ), ಪೂರ್ತಿ ಹತ್ತಿಯ ಕೋಲ್ಡ್ ಪ್ರೆಸ್, ಅಂದರೆ ತುಸು ತರಿತರಿಯಾದ ಹಾಳೆ. ತೆಳು ಸ್ಕೆಚ್ ಹಾಳೆ ನೀರು ತಾಗಿದ ಕೂಡಲೇ ಉಬ್ಬುತ್ತದೆ, ಬಣ್ಣ ತಗ್ಗಿಗೆ ಹರಿದು ಅಲ್ಲೇ ನಿಲ್ಲುತ್ತದೆ. ಆಗ ತೊಡೆಯ ನೆರಳು ಎಲ್ಲಿ ಬೀಳಬೇಕು ಎಂದು ಕಾಗದವೇ ತೀರ್ಮಾನ ಮಾಡಿಬಿಡುತ್ತದೆ. 300ರ ಹಾಳೆಯನ್ನೂ ನೆನೆಸಿ, ಗಮ್ ಟೇಪಿನಿಂದ ಬೋರ್ಡಿಗೆ ಬಿಗಿದು ಒಣಗಿಸಿಟ್ಟರೆ ಕೆಲಸ ನೆಮ್ಮದಿ. ಭಂಗಿಗಳು ಎರಡು ಬಗೆ: 2 ನಿಮಿಷದ ನಿಂತ ಭಂಗಿ, 20 ನಿಮಿಷದ ಕೂತ ಭಂಗಿ. ಎದುರಿಗೆ ಮಾಡೆಲ್ ಇರಲೇಬೇಕು. ಫೋಟೋದಲ್ಲಿ ನೆರಳುಗಳೆಲ್ಲ ಒಂದೇ ಕಪ್ಪಾಗಿಬಿಡುತ್ತವೆ, ದೇಹದ ಭಾರ ಯಾವ ಕಾಲಿನ ಮೇಲಿದೆ ಅನ್ನುವುದು ಮಂಕಾಗುತ್ತದೆ.

ಮೊದಲನೇ ಜೋಡಿ ಚಾರ್ಕೋಲ್ ಮತ್ತು ವಾಟರ್ ಕಲರ್. ನಾನು ಜಾಸ್ತಿ ಹೊತ್ತು ನಿಂತಿದ್ದು ಇಲ್ಲೇ.

ಸುಟ್ಟ ಕಡ್ಡಿಯ ಚಾರ್ಕೋಲಿನಲ್ಲಿ ಅಂಟು ಅನ್ನುವುದೇ ಇಲ್ಲ. ಪುಡಿ ಸುಮ್ನೆ ಕಾಗದದ ತರಿಯಲ್ಲಿ ಕೂತಿರುತ್ತದೆ, ಬೆರಳಿನಿಂದ ಒರೆಸಿದರೆ ಹೋಗುತ್ತದೆ. ಅದರ ಮೇಲೆ ಒದ್ದೆ ಬ್ರಷ್ ಎಳೆದರೆ ಪುಡಿ ತೇಲಿ ಬಣ್ಣದೊಳಗೆ ಸೇರುತ್ತದೆ. ಚರ್ಮಕ್ಕೆಂದು ಕಲಸಿದ ಬೆಚ್ಚನೆಯ ಕಂದು ಕೆಸರಿನ ಬೂದು ಆಗುತ್ತದೆ. ಒತ್ತಿ ಮಾಡಿದ ಚಾರ್ಕೋಲಿನಲ್ಲಿ ಅಂಟು ಇರುವುದರಿಂದ ಅದು ಇನ್ನೂ ಕಪ್ಪು, ಸ್ವಲ್ಪ ಗಟ್ಟಿಯಾಗಿಯೂ ನಿಲ್ಲುತ್ತದೆ. ಆದರೆ ಅದೂ ನೀರಿಗೆ ಕದಡುತ್ತದೆ. ನಡುವೆ ಫಿಕ್ಸೇಟಿವ್, ಅಂದರೆ ಪುಡಿಯನ್ನು ಕಾಗದಕ್ಕೆ ಹಿಡಿದಿಡುವ ಸ್ಪ್ರೇ, ಹೊಡೆಯಬಹುದು. ಆದರೆ ಸ್ಪ್ರೇ ಜಾಸ್ತಿಯಾದ ಕಡೆ ಕಾಗದ ನೀರನ್ನು ಸರಿಯಾಗಿ ಹೀರುವುದಿಲ್ಲ. ಒಂದೇ ಬೆನ್ನಿನಲ್ಲಿ ಒಂದು ಕಡೆ ಬಣ್ಣ ಇಂಗುತ್ತದೆ, ಇನ್ನೊಂದು ಕಡೆ ಹನಿಗಟ್ಟುತ್ತದೆ. ಹಾಂ, ಫಿಕ್ಸೇಟಿವನ್ನು ಬಯಲಲ್ಲೇ ಹೊಡೆಯಿರಿ. ಆ ಹೊಗೆ ಎದೆಗೆ ಒಳ್ಳೆಯದಲ್ಲ.

ಈಗ ಕ್ರಮ ತಿರುಗಿಸಿ ನೋಡಿ. ಮೊದಲು ಬಣ್ಣ. ದಪ್ಪ ಬ್ರಷ್ಷು, ಅಲ್ಟ್ರಾಮರೀನ್ ನೀಲಿ ಮತ್ತು ಬರ್ನ್ಟ್ ಸಿಯೆನ್ನಾ ಕಂದು ಬೆರೆಸಿದ ಬೂದು. ದೇಹದ ಅಂಚನ್ನು ಮರೆತು ನೆರಳಿನ ಗುಡ್ಡೆಯನ್ನಷ್ಟೇ ಇಡಬೇಕು: ಕುತ್ತಿಗೆಯ ಕೆಳಗಿನಿಂದ ಪಕ್ಕೆ, ಪಕ್ಕೆಯಿಂದ ಸೊಂಟ, ಕುರ್ಚಿಗೆ ಒತ್ತಿದ ತೊಡೆಯ ಅಡಿ. ಎಲ್ಲ ಒಂದೇ ಹರಿವಿನಲ್ಲಿ. ಆಮೇಲೆ ಪೂರ್ತಿ ಒಣಗಲು ಬಿಡಿ. ಅಂಗೈ ಹಿಂಭಾಗ ತಾಗಿಸಿದಾಗ ತಣ್ಣಗೆ ಅನ್ನಿಸಿದರೆ ಇನ್ನೂ ತೇವ ಇದೆ ಎಂದರ್ಥ. ಒಣಗಿದ ಹಾಳೆಯ ಮೇಲೆ ಚಾರ್ಕೋಲ್ ಎಳೆದಾಗ ತರಿ ಅದನ್ನು ಚೆನ್ನಾಗಿ ಹಿಡಿಯುತ್ತದೆ.

ಈ ಜೋಡಿಯ ದೊಡ್ಡ ಗುಣ ಗೊತ್ತಾಗುವುದು ತಿದ್ದುವಾಗ. ಹಿಟ್ಟಿನಂತೆ ನಾದಬಹುದಾದ ರಬ್ಬರ್ ಬರುತ್ತದಲ್ಲ, ಅದನ್ನು ಒತ್ತಿ ಎತ್ತಿದರೆ ಚಾರ್ಕೋಲ್ ಮಾತ್ರ ಬರುತ್ತದೆ, ಕೆಳಗಿನ ಬಣ್ಣ ಹಾಗೇ ಉಳಿಯುತ್ತದೆ. ಭುಜ ಒಂದು ಬೆರಳಷ್ಟು ಮೇಲೆ ಬೇಕು ಅನಿಸಿದರೆ ಗೆರೆಯನ್ನು ಎತ್ತಿ ಮತ್ತೆ ಎಳೆಯಬಹುದು, ದೇಹದ ತೂಕ ಅಲ್ಲಾಡುವುದಿಲ್ಲ. ಹಳೆಯ ಗೆರೆ ಅಲ್ಪಸ್ವಲ್ಪ ಉಳಿದರೂ ಚೆಂದ, ಮಾಡೆಲ್ ಉಸಿರಾಡಿದ ಗುರುತು ಅದು. ಕಪ್ಪು ಗುಡ್ಡೆ ಮೊದಲು, ಒಣ ಬಣ್ಣ ಆಮೇಲೆ ಅನ್ನುವ ದಾರಿಯನ್ನು ಫ್ರೆಂಚ್ ಚಿತ್ರಕಾರ ಎಡ್ಗರ್ ಡೆಗಾ 1870ರ ದಶಕದಲ್ಲೇ ಹಿಡಿದಿದ್ದ. ಮೊನೊಟೈಪ್ (ತಟ್ಟೆಯ ಮೇಲೆ ಶಾಯಿಯಿಂದ ಬಿಡಿಸಿ ಕಾಗದಕ್ಕೆ ಒತ್ತುವ) ಅಚ್ಚು ತೆಗೆದು ಅದರ ಮೇಲೆ ಪೇಸ್ಟಲ್ ಹಚ್ಚುತ್ತಿದ್ದ. ಆ ಚಿತ್ರಗಳಲ್ಲಿ ಮೈ ಕತ್ತಲೆಯಿಂದ ಬೆಳಕಿಗೆ ಎದ್ದು ಬರುತ್ತದೆ.

ಕೊರತೆ ಒಂದೇ, ಸಮಯ. 2 ನಿಮಿಷದ ಭಂಗಿಯಲ್ಲಿ ಬಣ್ಣ ಒಣಗುವಷ್ಟರಲ್ಲಿ ಮಾಡೆಲ್ ಮುಂದಿನ ಭಂಗಿಗೆ ಹೋಗಿರುತ್ತಾರೆ.

ಎರಡನೇ ಜೋಡಿ ಇಂಡಿಯನ್ ಇಂಕ್ (ಗಾಢ ಕಪ್ಪು ಶಾಯಿ) ಮತ್ತು ಗ್ವಾಷ್ (ಕೆಳಗಿನದನ್ನು ಮುಚ್ಚುವಂಥ, ನೀರಿನಲ್ಲಿ ಕಲಸುವ ಬಣ್ಣ). ಬೇಗ ಮುಗಿಯುವ ಭಂಗಿಗೆ ಇದೇ ಗೆಲ್ಲುತ್ತದೆ. ಅರಗು ಸೇರಿದ ಇಂಡಿಯನ್ ಇಂಕ್ ಒಣಗಿದ ಮೇಲೆ ನೀರಿಗೆ ಜಗ್ಗುವುದಿಲ್ಲ. ಆದ್ದರಿಂದ ಇಲ್ಲಿ ಗೆರೆಯೇ ಮೊದಲು. ಅದನ್ನು ಅಳಿಸಲಾಗದು ಎಂಬ ಅರಿವು ಕೈಯನ್ನು ಎಚ್ಚರವಾಗಿಡುತ್ತದೆ, ಕಣ್ಣು ಮಾಡೆಲ್ ಮೇಲೇ ನಿಲ್ಲುತ್ತದೆ. ಫ್ರೆಂಚ್ ಶಿಲ್ಪಿ ರೋಡಾನ್ ತನ್ನ ಕೊನೆಯ ದಶಕಗಳ ಚಿತ್ರಗಳಲ್ಲಿ ಕಾಗದ ನೋಡದೆ ಪೆನ್ಸಿಲ್ ಗೆರೆ ಎಳೆದು ಆಮೇಲೆ ತೆಳು ಬಣ್ಣ ಹರಿಸುತ್ತಿದ್ದ. ಆಸ್ಟ್ರಿಯಾದ ಚಿತ್ರಕಾರ ಎಗಾನ್ ಶೀಲೆ (1890–1918) ಮಾಡೆಲ್ ಎದುರು ಗೆರೆ ಮುಗಿಸಿ, ಬಣ್ಣವನ್ನು ಆಮೇಲೆ ನೆನಪಿನಿಂದ ತುಂಬುತ್ತಿದ್ದ. ಅವರ ಗೆರೆಗೆ ಇಂಕ್ ಬೇಕಾಗಲಿಲ್ಲ. ಆದರೆ ಗೆರೆ ಮೊದಲು, ಬಣ್ಣ ಆಮೇಲೆ ಎಂಬ ಕ್ರಮ ಇದೇ. ಮಾಡೆಲ್ ಹೋದ ಮೇಲೂ ಕೆಲಸ ಮುಂದುವರಿಸಬಹುದು, ಅದು ದೊಡ್ಡ ಅನುಕೂಲ ಅಲ್ವಾ?

ಕಷ್ಟ ಶುರುವಾಗುವುದು ಗ್ವಾಷಿನಲ್ಲಿ. ದಪ್ಪಗೆ ಹಚ್ಚಿದರೆ ಗೆರೆ ಮುಚ್ಚಿಹೋಗುತ್ತದೆ, ತೆಳ್ಳಗೆ ಹಚ್ಚಿದರೆ ಗೆರೆಯ ಮೇಲೆ ಹಾಲಿನ ಪೊರೆ ಕಟ್ಟುತ್ತದೆ. ಒಣಗಿದ ಗ್ವಾಷ್ ಮತ್ತೆ ನೀರು ತಾಗಿದರೆ ಕರಗುತ್ತದೆ, ಎರಡನೇ ಪದರ ಮೊದಲನೆಯದನ್ನು ಎಳೆದುಕೊಂಡು ಬರುತ್ತದೆ. ಅದಕ್ಕೇ ಒಂದು ಜಾಗಕ್ಕೆ ಒಂದೇ ಏಟು. ಬಣ್ಣ ಒಣಗುವಾಗ ಬದಲಾಗುವುದೂ ಉಂಟು. ಗಾಢ ಬಣ್ಣ ತುಸು ತಿಳಿಯಾಗುತ್ತದೆ, ತಿಳಿ ಬಣ್ಣ ತುಸು ಗಾಢವಾಗುತ್ತದೆ. ಕೆನ್ನೆಗೆಂದು ಕಲಸಿದ್ದನ್ನು ತುಂಡು ಕಾಗದದ ಮೇಲೆ ಒಣಗಿಸಿ ನೋಡಿ ಹಚ್ಚುವುದೇ ಸರಿ. ಹೋದ ಗೆರೆಯನ್ನು ಮತ್ತೆ ತರಬೇಕೆಂದರೆ ನಿಬ್ ಬೇಡ. ಅದು ಗ್ವಾಷಿನ ಸೀಮೆಸುಣ್ಣದಂಥ ಮೈಯನ್ನು ಕೆರೆದು ತಾನೂ ಕಟ್ಟಿಕೊಳ್ಳುತ್ತದೆ. ತೆಳು ಬ್ರಷ್ ಸಾಕು.

ಒಂದು ಕಡೆ ಮಾತ್ರ ಈ ಜೋಡಿಗೆ ಸಾಟಿಯಿಲ್ಲ. ಬಿಳಿ ಹಾಳೆ ಬಿಟ್ಟು ಬೂದು ಅಥವಾ ಮಣ್ಣಿನ ಬಣ್ಣದ ಹಾಳೆ ತೆಗೆದುಕೊಂಡೆ. ಕಪ್ಪಿಗೆ ಇಂಕ್, ಬೆಳಕಿಗೆ ಬಿಳಿ ಗ್ವಾಷ್, ಚರ್ಮಕ್ಕೆ ಕಾಗದವೇ. ಅರ್ಧ ಕೆಲಸ ಹಾಳೆಯೇ ಮಾಡಿಕೊಟ್ಟಿತು. ಮೂಗಿನ ತುದಿ, ಕೊರಳೆಲುಬು, ಮೊಣಕಾಲಿಗೆ ನಾಲ್ಕಾರು ಬಿಳಿ ಸ್ಪರ್ಶ ಸಾಕಾಯಿತು.

ಮೂರನೆಯದು ಮೇಣದ ಕ್ರೇಯಾನ್ ಮತ್ತು ವಾಟರ್ ಕಲರ್. ಮೇಣ ಇರುವ ಕಡೆ ನೀರು ನಿಲ್ಲುವುದಿಲ್ಲ, ಬಣ್ಣ ಸರಿದು ಹೋಗುತ್ತದೆ. ಇಂಗ್ಲಿಷ್ ಶಿಲ್ಪಿ ಹೆನ್ರಿ ಮೂರ್ ಎರಡನೇ ಮಹಾಯುದ್ಧದಲ್ಲಿ, 1940–41ರಲ್ಲಿ, ಲಂಡನ್ನಿನ ಸುರಂಗ ರೈಲು ನಿಲ್ದಾಣಗಳಲ್ಲಿ ಆಸರೆ ಪಡೆದು ಮಲಗಿದ್ದ ಜನರನ್ನು ಹೀಗೇ ಬಿಡಿಸಿದ. ಮೇಣ, ಮೇಲೆ ಗಾಢ ಬಣ್ಣ, ಮತ್ತೆ ಇಂಕಿನ ಗೆರೆಗಳು. ಹೊದಿಕೆಯಲ್ಲಿ ಸುತ್ತಿಕೊಂಡ ಮೈಗಳಿಗೆ ಆ ಒರಟುತನ ಎಷ್ಟು ಒಪ್ಪಿದೆ!

ಬಿಳಿ ಹಾಳೆಯ ಮೇಲೆ ಬಿಳಿ ಮೇಣ ಕಾಣುವುದಿಲ್ಲ, ಕುರುಡಾಗಿಯೇ ಎಳೆಯಬೇಕು. ತಿಳಿ ಹಳದಿ ತೆಗೆದುಕೊಂಡರೆ ಅಷ್ಟಿಷ್ಟು ಕಾಣುತ್ತದೆ. ತರಿಯಿರುವ ಹಾಳೆಯಲ್ಲಿ ಮೇಣ ಚುಕ್ಕಿಚುಕ್ಕಿಯಾಗಿ ಕೂರುತ್ತದೆ, ಬಟ್ಟೆಯ ಮಡಿಕೆಗೆ ಅದು ಸೊಗಸು. ಮುಖಕ್ಕೆ ಆಗುವುದಿಲ್ಲ, ರೆಪ್ಪೆಯಷ್ಟು ಸಣ್ಣ ಜಾಗ ಮೇಣದ ಕೈಗೆ ಸಿಗದು. ರಬ್ಬರಿಗೆ ಮೇಣ ಬಗ್ಗುವುದಿಲ್ಲ, ಬ್ಲೇಡಿನಿಂದ ಕೆರೆಯಬೇಕು. ಮೈ ಮುಚ್ಚಿ ಕೂತವರಿಗೆ, ಗುಂಪಿಗೆ ಇದನ್ನು ಮತ್ತೆ ಕೈಗೆತ್ತಿಕೊಳ್ಳುತ್ತೇನೆ. ಬರಿಮೈಯ ಒಂಟಿ ಭಂಗಿಗೆ ಇಲ್ಲ.

ಪೆನ್ಸಿಲ್ ಮೇಲೆ ಚಾರ್ಕೋಲ್ ಹಾಕುವ ಪ್ರಯತ್ನ ಹೆಚ್ಚು ಮುಂದುವರಿಯಲಿಲ್ಲ. ಪೆನ್ಸಿಲ್ ನುಣುಪು ಮಾಡಿದ ಜಾಗದಲ್ಲಿ ಚಾರ್ಕೋಲ್ ಜಾರುತ್ತದೆ, ಒಂದರ ಹೊಳಪು ಇನ್ನೊಂದರ ಕಪ್ಪನ್ನು ಕೆಡಿಸುತ್ತದೆ.

ಒಂದೇ ಜೋಡಿ ಕೊಳ್ಳುವವರಿಗೆ, ಅದರಲ್ಲೂ ದೇಹದ ತೂಕ ಕಲಿಯಬೇಕೆನ್ನುವವರಿಗೆ, ನಾನು ಹೇಳುವುದು ಬಣ್ಣ ಮೊದಲು, ಚಾರ್ಕೋಲ್ ಆಮೇಲೆ. ಇಂಕಿನ ಗೆರೆಯ ಧೈರ್ಯ ನನಗೂ ಇಷ್ಟ. ಆದರೆ ಅದು ಅಂಚನ್ನು ಕಲಿಸಿದಷ್ಟು ಒಳಗಿನ ಭಾರವನ್ನು ಕಲಿಸುವುದಿಲ್ಲ. ಎತ್ತಿಡುವ ವಿಷಯಕ್ಕೆ ಬಂದರೆ ಮಾತ್ರ ಲೆಕ್ಕ ಉಲ್ಟಾ. ಇಂಕ್ ಮತ್ತು ಗ್ವಾಷಿನ ಚಿತ್ರವನ್ನು ನೀರು ತಾಗದಂತೆ ನೋಡಿಕೊಂಡರಾಯಿತು. ಚಾರ್ಕೋಲಿನ ಚಿತ್ರಕ್ಕೆ ಕೊನೆಯಲ್ಲಿ ತೆಳುವಾಗಿ ಫಿಕ್ಸೇಟಿವ್ ಬೇಕು, ಮೇಲೆ ನುಣುಪಾದ ಗ್ಲಾಸೀನ್ ಹಾಳೆ ಬೇಕು. ಫ್ರೇಮ್ ಹಾಕಿಸುವಾಗ ಗಾಜು ಚಿತ್ರಕ್ಕೆ ತಾಗದ ಹಾಗೆ ನಡುವೆ ದಪ್ಪ ರಟ್ಟಿನ ಮೌಂಟ್ ಕೊಡಿಸಿ.